ಎದುರು ಕೂತು ಕಲಿತ ಗಂಟು

ನಮ್ಮ ಕೊಲ್ಲಿಯಲ್ಲಿ ಬಲೆ ಬೀಸಿದರೆ ಅದರ ಜಾಡು ನೀರಿನ ಮೇಲೆ ಉಳಿಯುತ್ತದೆ. ಮೂರು ಬೆರಳಗಲ ಕಣ್ಣಿನ ಬಲೆಯಾದರೆ ಹನ್ನೊಂದು ದಿನ, ಎರಡು ಬೆರಳಿನದಾದರೆ ಐವತ್ತು ದಿನದ ಆಸುಪಾಸು, ಸೊಳ್ಳೆಪರದೆಯಂಥ ಬಲೆಯಾದರೆ ವರ್ಷ ದಾಟಬಹುದು. ನಾನು ಅಳೆದವುಗಳಲ್ಲಿ ಅತಿ ಹೆಚ್ಚು ಬಾಳಿದ ಜಾಡು ನಾನೂರ ಆರು ದಿನ ಇತ್ತು. ನೋಡಲು ಅದು ಬಸವನಹುಳು ಹರಿದುಹೋದ ಗೋಡೆಯ ಮೇಲಿನ ಹೊಳಪಿನಂತೆ ಇರುತ್ತದೆ. ಕೈಯಾಡಿಸಿದರೆ ನೀರು ಬಿಟ್ಟು ಬೇರೇನೂ ತಗಲುವುದಿಲ್ಲ. ಅಲೆಯ ಜೊತೆ ಏರಿ ಇಳಿಯುತ್ತದೆ, ಚೂರಾಗುವುದಿಲ್ಲ. ಜಾಡು ಇರುವಷ್ಟು ದಿನ ಅದರ ಕೆಳಗೆ ಮೀನು ಬರುವುದಿಲ್ಲ.

ನಮ್ಮದು ಕೊಲ್ಲಿಯ ನಡುವಿನ ಊರು. ಬಡಗು ದಿಕ್ಕಿನಲ್ಲಿ ಒಂದು ಊರು, ತೆಂಕು ದಿಕ್ಕಿನಲ್ಲಿ ಒಂದು. ಅವಕ್ಕೆ ಬೇರೆ ಹೆಸರುಗಳಿದ್ದರೂ ನಾವು ಬಡಗೂರು, ತೆಂಕೂರು ಎಂದೇ ಹೇಳುವುದು. ಅವರು ನಮ್ಮದನ್ನು ನಡುವೂರು ಎನ್ನುತ್ತಾರೆ, ಅದೂ ಸ್ವಲ್ಪ ಮೂಗು ಮುರಿದು. ಜಾಡಿನ ಜೊತೆ ಬದುಕುವುದು ಮೂರೂ ಊರಿಗೆ ರೂಢಿ. ಹೆಣ್ಣು ಕೊಡುವವರು ಹುಡುಗನ ಮನೆಗೆ ಹೋಗುವ ಮೊದಲು ಅವನ ದೋಣಿ ಹೋದ ನೀರನ್ನು ನೋಡಿಕೊಂಡು ಬರುತ್ತಾರೆ. ಜಾಡಿನ ಕಣ್ಣುಗಳು ಒಂದೇ ಸಮ ಇದ್ದರೆ ಮನೆಯಲ್ಲಿ ಬಲೆ ಹೆಣೆಯುವ ಹೆಂಗಸಿಗೆ ನೆಮ್ಮದಿ ಇದೆ ಎಂದು ಲೆಕ್ಕ. ಮಕ್ಕಳು ದಡದಲ್ಲಿ ನಿಂತು ಜಾಡಿನ ಒಂದೊಂದು ಕಣ್ಣಿಗೆ ಗುರಿಯಿಟ್ಟು ಚಿಪ್ಪು ಎಸೆಯುತ್ತಾರೆ. ಬೇರೆಯವರ ಹೊಸ ಜಾಡಿನ ಮೇಲೆ ತನ್ನ ಬಲೆ ಬೀಸಿ ಎರಡನ್ನೂ ಕಲಸಿಬಿಡುವುದು ಹಳೆಯ ಕುತಂತ್ರ. ಬಿಡಿಸಿ ನೋಡಲು ತಾಳ್ಮೆ ಇದ್ದರೆ ಅದು ಯಾರನ್ನೂ ಮೋಸಗೊಳಿಸುವುದಿಲ್ಲ.

ಜಾಡು ಬಿದಿರಿನ ಕೋಲಿಗೆ ಮಾತ್ರ ಜಗ್ಗುತ್ತದೆ. ನಾನು ಚಿಕ್ಕವಳಿದ್ದಾಗ ಇದ್ದ ನಿಯಮದ ಪ್ರಕಾರ ಜಾಡು ಯಾರ ನೀರಿನಲ್ಲಿ ಇದೆಯೋ ಅದು ಅವರದೇ ತಪ್ಪು. ಹಾಗಾಗಿ ನನ್ನ ಅಪ್ಪ ಮತ್ತು ಅವರ ಜೊತೆಯವರು ನಸುಕಿಗೇ ಬಿದಿರು ಹಿಡಿದು ಹೋಗಿ, ಸಣ್ಣ ಕಣ್ಣಿನ ಜಾಡುಗಳನ್ನು ಬಡಗೂರಿನ ನೀರಿಗೋ ತೆಂಕೂರಿನ ನೀರಿಗೋ ದೂಡಿ, ಗಂಜಿಯ ಹೊತ್ತಿಗೆ ಮನೆಗೆ ಬರುತ್ತಿದ್ದರು. ಕಸ ಗುಡಿಸಿ ಬಂದೆವು ಎನ್ನುತ್ತಿದ್ದರು. ಆ ಊರುಗಳವರೂ ನಸುಕಿಗೇ ಏಳುವವರು. ಒಂದು ಜಾಡು ಒಂದೇ ಬೇಸಿಗೆಯಲ್ಲಿ ಏಳು ಸಲ ಗಡಿ ದಾಟಿದ್ದು ನನಗೆ ನೆನಪಿದೆ. ಅದರ ಒಂದು ಮೂಲೆ ಹಂದಿಯ ಮೂತಿಯಂತೆ ಇದ್ದುದರಿಂದ ಗುರುತು ಸಿಗುತ್ತಿತ್ತು.

ನಾನು ಪಟ್ಟಣದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದಿದೆ. ಮೀನಿನ ತಲೆಯೊಳಗೆ, ಕಿವಿಯ ಜಾಗದಲ್ಲಿ, ಒಂದು ಜೊತೆ ಸಣ್ಣ ಕಲ್ಲುಗಳಿರುತ್ತವೆ. ಅವನ್ನು ತೆಳ್ಳಗೆ ಸೀಳಿ ನೋಡಿದರೆ ಮರದ ಕಾಂಡದಲ್ಲಿರುವಂತೆ ಉಂಗುರಗಳು ಕಾಣುತ್ತವೆ, ವಯಸ್ಸು ತಿಳಿಯುತ್ತದೆ. ಎರಡು ವರ್ಷ ನಾನು ಅದನ್ನೇ ಎಣಿಸಿದೆ. ಓದು ಮುಗಿಸಿ ಊರಿಗೆ ಬಂದ ವರ್ಷ ಮಾರುಕಟ್ಟೆಯಿಂದ ತಂದ ಮುನ್ನೂರು ಮೀನುಗಳ ಕಲ್ಲು ಸೀಳಿ ನೋಡಿದೆ. ಮೊಟ್ಟೆಯಿಡುವ ವಯಸ್ಸಿಗೆ ಬಂದವು ಒಂಬತ್ತು. ಅದನ್ನು ಹೇಳಿದಾಗ ಯಾರಿಗೂ ಆಶ್ಚರ್ಯವಾಗಲಿಲ್ಲ. ಮರುವರ್ಷ ತಾರಲೆ ಮೀನು ಬರಲೇ ಇಲ್ಲ. ಗುಡ್ಡ ಹತ್ತಿ ನೋಡಿದರೆ ಇಡೀ ಕೊಲ್ಲಿ ಜಾಡಿನಿಂದ ಮುಚ್ಚಿಹೋಗಿ ಹಾಲಿನ ಕೆನೆ ಕಟ್ಟಿದ ಹಾಗೆ ಕಾಣುತ್ತಿತ್ತು. ದೂಡಲು ಜಾಗವೇ ಉಳಿದಿರಲಿಲ್ಲ. ಆಗ ಮೂರೂ ಊರಿನವರು ಐಸ್ ಪ್ಲಾಂಟಿನ ಅಂಗಳದಲ್ಲಿ ಸೇರಿದರು. ಅಲ್ಲಿ ಸೇರಿದ್ದು ಏಕೆಂದರೆ ಆ ವರ್ಷ ಐಸ್ ಪ್ಲಾಂಟಿಗೆ ಬೇರೆ ಕೆಲಸವಿರಲಿಲ್ಲ.

ಒಪ್ಪಂದ ಉದ್ದದ್ದೇನಲ್ಲ. ಮೂರು ಬೆರಳಿಗಿಂತ ಸಣ್ಣ ಕಣ್ಣಿನ ಬಲೆಯನ್ನು ಯಾರೂ ನೀರಿಗೆ ಇಳಿಸಕೂಡದು. ಮಳೆಗಾಲದ ಎರಡು ತಿಂಗಳು ದೋಣಿ ಕಟ್ಟಿಡಬೇಕು. ಪ್ರತಿ ಹುಣ್ಣಿಮೆಯ ಬೆಳಿಗ್ಗೆ ಊರಿಗೊಬ್ಬರಂತೆ ಮೂವರು ಒಂದೇ ದೋಣಿಯಲ್ಲಿ ಹೋಗಿ ಕಳ್ಳ ಜಾಡುಗಳನ್ನು ಓದಬೇಕು. ಜಾಡು ಎಲ್ಲಿ ತೇಲುತ್ತಿದೆ ಎಂಬುದು ಲೆಕ್ಕಕ್ಕಿಲ್ಲ, ಅದರ ಗಂಟು ಯಾರ ಕೈಯದು ಎಂಬುದು ಲೆಕ್ಕ. ಆ ಕೈ ಯಾವ ಊರಿನದೋ ಆ ಊರಿನ ಎಲ್ಲ ದೋಣಿಗಳೂ ತೊಂಬತ್ತು ದಿನ ದಡದಲ್ಲಿ ಕೂರಬೇಕು. ತೀರ್ಪಿಗೆ ಮೂವರೂ ಆ ಊರಿನ ಹೆಸರನ್ನು ಬಾಯಿಬಿಟ್ಟು ಹೇಳಬೇಕು. ಒಬ್ಬರು ಹೇಳದಿದ್ದರೂ ತೊಂಬತ್ತು ದಿನವನ್ನು ಮೂರು ಊರುಗಳು ಸಮನಾಗಿ ಹಂಚಿಕೊಳ್ಳಬೇಕು. ಕೊನೆಯ ಸಾಲನ್ನು ಸೇರಿಸಿದ್ದು ಯಾರೂ ಅಷ್ಟು ದೂರ ಹೋಗಲಾರರು ಎಂಬ ನಂಬಿಕೆಯಿಂದ.

ಗಂಟು ಓದಬಹುದು ಎಂದು ಆ ಸಭೆಗೆ ತೋರಿಸಿಕೊಟ್ಟವಳು ನಾನು. ನಮ್ಮೂರಿನಲ್ಲಿ ಆಗ ಸಾಂತಕ್ಕ ಎಂಬವರು ಇದ್ದರು, ಎಪ್ಪತ್ತು ದಾಟಿದ ಬಲೆಗಾರ್ತಿ. ಇಬ್ಬರು ಹೆಂಗಸರು ಒಂದೇ ಥರ ಗಂಟು ಹಾಕುವುದಿಲ್ಲ ಎಂದು ಅವರು ಮೊದಲಿನಿಂದಲೂ ಹೇಳುತ್ತಿದ್ದರು. ದಾರ ಎಷ್ಟು ಸುತ್ತು, ಯಾವ ಕಡೆಯಿಂದ, ಎಳೆಯುವಾಗ ಹೆಬ್ಬೆರಳು ಎಲ್ಲಿ, ಇವೆಲ್ಲ ಕೂಡಿ ಒಂದು ಕೈ. ಮೊದಲು ನೀನು ಹಾಕಲು ಕಲಿ, ಆಮೇಲೆ ನೋಡಲು ಬರುತ್ತದೆ ಎಂದರು. ಒಂದು ಮಳೆಗಾಲ ಅವರ ಜಗಲಿಯಲ್ಲಿ ಎದುರು ಕೂತು ಕಲಿತೆ. ಬಳಿಕ ಕೊಲ್ಲಿಯ ಸುತ್ತ ನಡೆದು ಮೂರು ಊರಿನ ಇನ್ನೂರ ಹದಿನಾಲ್ಕು ಬಲೆಗಾರರ ಗಂಟುಗಳನ್ನು ಹತ್ತು ಪಟ್ಟು ದೊಡ್ಡದಾಗಿ ಚಿತ್ರ ಬರೆದು ಒಂದು ಪುಸ್ತಕ ಮಾಡಿದೆ. ಒಪ್ಪಂದ ನಿಂತಿರುವುದು ಆ ಪುಸ್ತಕದ ಮೇಲೆ. ಮೂರು ವರ್ಷದಲ್ಲಿ ಕೆನೆ ಬಹುಪಾಲು ಕರಗಿತು. ಕಳೆದ ಬೇಸಿಗೆಯಲ್ಲಿ ಮುನ್ನೂರು ಮೀನು ಸೀಳಿದರೆ ನೂರ ಎಪ್ಪತ್ತು ಮೊಟ್ಟೆಯಿಡುವ ವಯಸ್ಸಿನವು ಸಿಕ್ಕವು.

ನನ್ನ ಜೊತೆ ದೋಣಿಗೆ ಬರುವವರು ಬಡಗೂರಿನ ಮೈದಿನಾಕ ಮತ್ತು ತೆಂಕೂರಿನ ರೆಮೆದಿ ಬಾಯಿ. ಮೈದಿನಾಕ ಮೂವತ್ತು ವರ್ಷ ದೋಣಿ ನಡೆಸಿದವರು. ಈಗ ಒಂದು ಕಣ್ಣಿನಲ್ಲಿ ಪೊರೆ ಬಂದಿದೆ, ಒಪ್ಪಿಕೊಳ್ಳುವುದಿಲ್ಲ. ಇಬ್ಬರು ಮಕ್ಕಳು ಈ ಮಳೆಗಾಲದಲ್ಲಿ ಹೊಸ ದೋಣಿ ಕಟ್ಟಿಸಿದ್ದರು. ರೆಮೆದಿ ಬಾಯಿ ತಲೆಹೊರೆಯಲ್ಲಿ ಮೀನು ಮಾರಿ ನಾಲ್ಕು ಮಕ್ಕಳನ್ನು ಸಾಕಿದವರು. ನನ್ನನ್ನು ಹೆಸರು ಹಿಡಿದು ಕರೆಯುವುದು ಅಪರೂಪ, ಕಾಲೇಜು ಎನ್ನುತ್ತಾರೆ. ಕಾಲೇಜು, ಸ್ವಲ್ಪ ಆಚೆ ಸರಿ. ಕಾಲೇಜು, ನಿನ್ನ ಬುತ್ತಿಯಲ್ಲಿ ಎಂತ ಉಂಟು. ಇಬ್ಬರೂ ದಾರಿಯುದ್ದಕ್ಕೂ ಜಗಳವಾಡುತ್ತಾರೆ. ಮೈದಿನಾಕನಿಗೆ ಕಾಣುವುದಿಲ್ಲ ಎಂದು ಅವರು, ರೆಮೆದಿ ಬಾಯಿ ಕೂತ ಕಡೆ ದೋಣಿ ವಾಲುತ್ತದೆ ಎಂದು ಇವರು. ಜಾಡು ಓದಲು ಗಾಜು ಇಟ್ಟ ಕೂಡಲೇ ಇಬ್ಬರೂ ಸುಮ್ಮನಾಗುತ್ತಾರೆ.

ಕಳೆದ ವರ್ಷ ತೊಂಬತ್ತು ದಿನ ಕೂತದ್ದು ತೆಂಕೂರು. ಎರಡು ಬೆರಳಿನ ಜಾಡೊಂದು ಸಿಕ್ಕಿತ್ತು, ಗಂಟು ಆ ಊರಿನ ಸೆವ್ರಿನ್ ಬಾಯಿ ಎಂಬ ಮುದುಕಿಯದು, ಪುಸ್ತಕದ ನೂರ ಎಪ್ಪತ್ತೆರಡನೆಯ ಚಿತ್ರ. ಒಂದು ಎಳೆಯೂ ತಪ್ಪದೆ ಹೊಂದುತ್ತಿತ್ತು. ಆ ಬಲೆಯನ್ನು ತಾನು ಎಂದೋ ಕೈಬಿಟ್ಟಿದ್ದೆ, ಅದು ಎಲ್ಲೆಲ್ಲಿ ಹೋಯಿತೋ ತನಗೆ ಗೊತ್ತಿಲ್ಲ ಎಂದು ಆಕೆ ಹೇಳಿದರು. ಗಂಟು ಯಾರದೆಂದು ನಾನು ಹೇಳಬಲ್ಲೆ, ಬಲೆ ಎಲ್ಲೆಲ್ಲಿ ಓಡಾಡಿತು ಎನ್ನುವುದು ನನ್ನ ಕೆಲಸವಲ್ಲ ಎಂದು ನಾನು ಉತ್ತರಿಸಿದೆ. ಮೂವರೂ ತೆಂಕೂರಿನ ಹೆಸರು ಹೇಳಿದೆವು. ರೆಮೆದಿ ಬಾಯಿ ತಮ್ಮ ಊರಿನ ಹೆಸರನ್ನು ಹೇಳುವಾಗ ಧ್ವನಿ ಬದಲಾಗಲಿಲ್ಲ. ಆಮೇಲೆ ಒಂದು ತಿಂಗಳು ನನ್ನ ಬುತ್ತಿಯನ್ನು ಮುಟ್ಟಲಿಲ್ಲ, ಅಷ್ಟೆ.

ಈ ವರ್ಷ ಮಳೆಗಾಲ ಮುಗಿದು ಮೀನುಗಾರಿಕೆ ಶುರುವಾಗಬೇಕಾದ ಹುಣ್ಣಿಮೆಗೆ ಐದು ದಿನ ಇರುವಾಗ ಕೊಲ್ಲಿಯ ಬಾಯಿಯ ಬಳಿ ಒಂದು ಜಾಡು ಕಂಡಿತು. ದೋಣಿ ಕಟ್ಟಿಡಬೇಕಾದ ದಿನಗಳಲ್ಲಿ ಬೀಸಿದ ಬಲೆ, ಅದೂ ಸೊಳ್ಳೆಪರದೆಯ ಥರದ್ದು. ಮೊಟ್ಟೆಯಿಂದ ಆಗಷ್ಟೇ ಹೊರಬಂದ ಮರಿಗಳೂ ಅದರಿಂದ ತಪ್ಪಿಸಿಕೊಳ್ಳುವುದಿಲ್ಲ. ಸುದ್ದಿ ಮೂರೂ ಊರಿಗೆ ಅರ್ಧ ದಿನದಲ್ಲಿ ಮುಟ್ಟಿತು. ನಮ್ಮೂರಿನ ನಲವತ್ತೆರಡು ದೋಣಿಗಳು ಬಣ್ಣ ಬಳಿಸಿಕೊಂಡು ದಡದಲ್ಲಿ ಸಾಲಾಗಿ ನಿಂತಿದ್ದವು, ಅವುಗಳಲ್ಲಿ ನನ್ನ ಅಣ್ಣ ಹೊನ್ನಯ್ಯನದೂ ಒಂದು. ಮಳೆ ಬಿಟ್ಟ ಮೇಲಿನ ಮೊದಲ ತೊಂಬತ್ತು ದಿನವೇ ವರ್ಷದ ಅನ್ನ. ಅಣ್ಣ ನನ್ನ ಹತ್ತಿರ ಜಾಡಿನ ಬಗ್ಗೆ ಏನೂ ಕೇಳಲಿಲ್ಲ. ಅತ್ತಿಗೆ ಮಾತ್ರ ಬೆಳಿಗ್ಗೆ ಬುತ್ತಿ ಕಟ್ಟಿಕೊಡುವಾಗ, ನಮ್ಮವರು ಯಾರೂ ಹಾಗೆ ಮಾಡುವವರಲ್ಲ ಅಲ್ವಾ ಎಂದು ಕೇಳಿದಳು. ನೋಡದೆ ಹೇಳಲಾಗುವುದಿಲ್ಲ ಎಂದೆ. ನಿನ್ನದು ಯಾವಾಗಲೂ ಇದೇ ಮಾತು ಎಂದಳು.

ಹುಣ್ಣಿಮೆಯ ಬೆಳಿಗ್ಗೆ ಎಂಟು ಗಂಟೆಗೆ ಜಾಡಿನ ಬಳಿ ತಲುಪಿದೆವು. ಗಾಳಿ ಇರಲಿಲ್ಲ. ಜಾಡು ಉದ್ದ ನಲವತ್ತು ಮಾರು, ಅಗಲ ಆರು. ಮೈಯೆಲ್ಲ ಯಂತ್ರದಲ್ಲಿ ನೇಯ್ದದ್ದು, ಒಂದೂ ಗಂಟಿಲ್ಲ. ಮೈದಿನಾಕ ದೋಣಿಯಂಚಿಗೆ ಬಾಗಿ, ಇದರಲ್ಲಿ ಓದಲು ಎಂತ ಉಂಟು ಎಂದು ಗೊಣಗಿದರು. ಆದರೆ ಎಂಥ ಬಲೆಯನ್ನೂ ಮೇಲಿನ ಹಗ್ಗಕ್ಕೆ ಕಟ್ಟಲೇಬೇಕು, ಕಟ್ಟುವುದಕ್ಕೆ ಯಂತ್ರವಿಲ್ಲ. ಜಾಡಿನ ಬಡಗು ಅಂಚಿನಲ್ಲಿ ಹಗ್ಗದ ಗೆರೆ ದಪ್ಪಗೆ ಕಾಣುತ್ತಿತ್ತು. ಅದರ ಮೇಲೆ ಗೇಣಿಗೊಂದರಂತೆ ಗಂಟುಗಳು, ಸಾಸಿವೆ ಸಾಲಿಟ್ಟ ಹಾಗೆ. ತಳಕ್ಕೆ ಗಾಜು ಕೂರಿಸಿದ ಪೆಟ್ಟಿಗೆಯನ್ನು ನೀರಿನ ಮೇಲಿಟ್ಟು ಭೂತಕನ್ನಡಿ ಹಿಡಿದೆ.

ಮೊದಲ ಗಂಟು ಎಡಸುತ್ತಿನದು. ಎರಡು ಸುತ್ತು ಮುಗಿದ ಮೇಲೆ ಬೇಕಿಲ್ಲದ ಇನ್ನೊಂದು ಅರ್ಧ ಸುತ್ತು, ಬಾಗಿಲು ಹಾಕಿ ಮತ್ತೆ ಒಂದು ಸಲ ತಳ್ಳಿ ನೋಡುವವರ ಹಾಗೆ. ಎರಡನೆಯದೂ ಹಾಗೆಯೇ. ಏಳು ಗಂಟು ನೋಡಿದೆ. ನನ್ನ ಪದ್ಧತಿಯಂತೆ ಹನ್ನೊಂದು ನೋಡಬೇಕು, ನೋಡಿದೆ. ಎಂಟನೆಯದಕ್ಕೇ ಗೊತ್ತಾಗಿತ್ತು.

ಸಾಂತಕ್ಕನ ಕೈ ಬಲಸುತ್ತಿನದು. ಅಮ್ಮನ ಪಕ್ಕದಲ್ಲಿ ಕೂತು ಕಲಿಯುವ ಹುಡುಗಿಯರು ಅಮ್ಮ ಸುತ್ತುವ ಕಡೆಗೇ ಸುತ್ತುತ್ತಾರೆ. ನಾನು ಇಪ್ಪತ್ತಾರನೆಯ ವಯಸ್ಸಿನಲ್ಲಿ, ನೋಟ್‌ಬುಕ್ ತೊಡೆಯ ಮೇಲಿಟ್ಟುಕೊಂಡು, ಅವರ ಎದುರಿಗೆ ಕೂತು ಕಲಿತೆ. ಎದುರಿನವರನ್ನು ನೋಡಿ ಮಾಡಿದರೆ ಎಲ್ಲವೂ ತಿರುವುಮುರುವು. ಕನ್ನಡಿಯ ಹಾಗೆ. ಅವರಿಗೆ ಅದು ತಮಾಷೆಯಾಗಿ ಕಂಡು ತಿದ್ದಲಿಲ್ಲ. ಆ ಅರ್ಧ ಸುತ್ತು ನನ್ನ ಅಪನಂಬಿಕೆಯದು. ಆ ಮಳೆಗಾಲದಲ್ಲಿ ಅಣ್ಣನ ಹಳೆಯ ಹಗ್ಗವೊಂದರ ಮೇಲೆ ಗೇಣಿಗೊಂದರಂತೆ, ತುದಿಯಿಂದ ತುದಿಗೆ, ಐನೂರಕ್ಕೂ ಹೆಚ್ಚು ಗಂಟು ಹಾಕಿ ಅಭ್ಯಾಸ ಮಾಡಿದ್ದೆ. ಪುಸ್ತಕ ಮುಗಿದ ಮೇಲೆ ಆ ಹಗ್ಗ ಮೂಲೆಯಲ್ಲಿ ಬಿದ್ದಿತ್ತು. ಹಳೆ ಹಗ್ಗ, ಹಳೆ ಬಲೆ ಕೇಳಿಕೊಂಡು ಸೈಕಲ್ಲಿನಲ್ಲಿ ಒಬ್ಬ ಬಂದ. ಕೊಟ್ಟೆ. ಅದರ ಬದಲಿಗೆ ಒಂದು ನೀಲಿ ಪ್ಲಾಸ್ಟಿಕ್ ಬಕೆಟ್ ಕೊಟ್ಟು ಹೋದ. ಅದು ಈಗಲೂ ನಮ್ಮ ಬಚ್ಚಲಿನಲ್ಲಿದೆ. ಅವನು ಮೂರೂ ಊರಿಗೆ ಹೋಗುವವನು. ಗಂಟು ಸಿದ್ಧವಿರುವ ಹಗ್ಗ ಯಾರಿಗೆ ಬೇಡ, ಪರದೆಯ ಅಂಚನ್ನು ಅದಕ್ಕೆ ಪೋಣಿಸಿದರೆ ಮುಗಿಯಿತು. ಪುಸ್ತಕದಲ್ಲಿ ಇನ್ನೂರ ಹದಿನಾಲ್ಕು ಕೈಗಳಿದ್ದವು. ನಾನು ಬಲೆಗಾರ್ತಿಯಲ್ಲ, ಹಾಗಾಗಿ ನನ್ನದು ಇರಲಿಲ್ಲ. ಬಿಟ್ಟುಹೋದದ್ದು ಎಂದು ಆವರೆಗೆ ನನಗೆ ಅನ್ನಿಸಿಯೂ ಇರಲಿಲ್ಲ.

ನಾನು ಪೆಟ್ಟಿಗೆಯಿಂದ ತಲೆ ಎತ್ತಿದಾಗ ಮೈದಿನಾಕ ಭೂತಕನ್ನಡಿ ಕೇಳಿದರು. ಒಳ್ಳೆಯ ಕಣ್ಣನ್ನು ಗಾಜಿಗೆ ತಾಗಿಸಿ ಬಹಳ ಹೊತ್ತು ನೋಡಿದರು. ಆಮೇಲೆ ಪುಸ್ತಕ ತೆಗೆಸಿ, ಬಡಗೂರಿನ ಹಾಳೆಗಳನ್ನು ಒಂದೊಂದಾಗಿ ಮಗುಚಿ, ಎಪ್ಪತ್ತೇಳನೆಯ ಚಿತ್ರದ ಮೇಲೆ ಬೆರಳಿಟ್ಟರು. ಅದು ಅವರ ಊರಿನ ಬೀಫಾತಿಮ ಎಂಬವರ ಗಂಟು. ಎಡಗೈಯ ಹೆಂಗಸು, ಹಾಗಾಗಿ ಎಡಸುತ್ತು. ಅರ್ಧ ಸುತ್ತು ಅಲ್ಲಿ ಇರಲಿಲ್ಲ, ಆದರೆ ಅವರ ಕಣ್ಣಿಗೆ ಅಷ್ಟು ಸಣ್ಣದು ಕಾಣುವುದಿಲ್ಲ.

"ನಮ್ಮದೇ ಅಲ್ವಾ ಮಗಳೇ ಇದು," ಎಂದರು. "ಎಡಸುತ್ತಿನವಳು ಕೊಲ್ಲಿಯಲ್ಲೆಲ್ಲ ಅವಳೊಬ್ಬಳೇ."

ಬೇರೆಯವರು ತಾವಾಗಿ ಒಪ್ಪಿಕೊಳ್ಳುವಾಗ ನಡುವೆ ಬಾಯಿ ಹಾಕಬಾರದು ಎನ್ನುವ ಸಭ್ಯತೆ ರೆಮೆದಿ ಬಾಯಿಗಿದೆ. ಮೈದಿನಾಕ ದೋಣಿಯ ಹಲಗೆಯ ಮೇಲೆ ಕೂತು ಮುಂಡಾಸು ಬಿಚ್ಚಿ ಮುಖ ಒರೆಸಿಕೊಂಡರು. ಹುಡುಗರಿಗೆ ಹೇಗೆ ಹೇಳುವುದೋ ಎಂದು ತಮ್ಮಷ್ಟಕ್ಕೇ ಅಂದುಕೊಂಡರು. ಹೊಸ ದೋಣಿ ಇನ್ನೂ ಉಪ್ಪುನೀರು ಕಂಡಿರಲಿಲ್ಲ.

ನನ್ನ ಮನಸ್ಸಿನಲ್ಲಿ ಆಗ ನಡೆದದ್ದನ್ನು ಕ್ರಮವಾಗಿ ಬರೆದಿಡುವುದಾದರೆ ಹೀಗೆ. ನಾನು ತಲೆಯಾಡಿಸಿದರೆ ಸಾಕು, ಬಡಗೂರು ತೊಂಬತ್ತು ದಿನ ಕೂರುತ್ತದೆ. ನಮ್ಮೂರಿನ ನಲವತ್ತೆರಡು ದೋಣಿ ಇವತ್ತೇ ನೀರಿಗೆ ಇಳಿಯುತ್ತವೆ. ಪುಸ್ತಕಕ್ಕೆ ಯಾವ ಕುಂದೂ ಬರುವುದಿಲ್ಲ. ಅರ್ಧ ಸುತ್ತನ್ನು ನನ್ನಷ್ಟು ಹತ್ತಿರದಿಂದ ನೋಡುವವರು ಮೂರೂ ಊರಿನಲ್ಲಿ ಇಲ್ಲ, ಸಾಂತಕ್ಕ ತೀರಿಕೊಂಡು ಎರಡು ವರ್ಷವಾಗಿದೆ. ಇನ್ನು ನಿಜ ಹೇಳಿದರೆ ಅದೂ ಪೂರ್ತಿ ನಿಜವಲ್ಲ. ಗಂಟು ನನ್ನದು, ಹಾಗಾಗಿ ಒಪ್ಪಂದದ ಪ್ರಕಾರ ತಪ್ಪು ನಡುವೂರಿನದು. ಆದರೆ ಬಲೆ ಬೀಸಿದವನು ಯಾರೋ, ಯಾವ ಊರಿನವನೋ ನನಗೆ ಗೊತ್ತಿಲ್ಲ. ತೆಂಗಿನ ಒಣ ಸಿಪ್ಪೆಯೊಂದು ದೋಣಿಯ ಮೂತಿಯ ಕಡೆಯಿಂದ ತೇಲಿ ಬಂದು ಹಿಂಬದಿಗೆ ಹೋಗುವವರೆಗೆ ನಾನು ಮಾತಾಡಲಿಲ್ಲ. ಅದು ಎಷ್ಟು ಹೊತ್ತೆಂದು ಅಳೆದಿಲ್ಲ.

ಆಮೇಲೆ ರೆಮೆದಿ ಬಾಯಿಯ ಹತ್ತಿರ ಒಂದು ತುಂಡು ದಾರ ಕೇಳಿದೆ. ಅವರ ಬುಟ್ಟಿಯಲ್ಲಿ ಯಾವಾಗಲೂ ದಾರ ಇರುತ್ತದೆ. ಕೊಟ್ಟರು. ದೋಣಿಯ ಲಂಗರಿನ ಹಗ್ಗವನ್ನು ತೊಡೆಯ ಮೇಲೆಳೆದುಕೊಂಡು ಒಂದು ಗಂಟು ಹಾಕಿದೆ. ನಾಲ್ಕು ವರ್ಷದಿಂದ ಹಾಕಿರಲಿಲ್ಲ, ಆದರೂ ಕೈ ಮರೆತಿರಲಿಲ್ಲ. ಎಡಕ್ಕೆ ಎರಡು ಸುತ್ತು, ಮೇಲೊಂದು ಅರ್ಧ. ಹಗ್ಗವನ್ನು ಹಾಗೆಯೇ ಮೈದಿನಾಕನ ಮುಂದೆ ಹಿಡಿದೆ. ಅವರಿಗೆ ಮೊದಲು ಅರ್ಥವಾಗಲಿಲ್ಲ. ರೆಮೆದಿ ಬಾಯಿ ಬಾಗಿ ನೋಡಿದರು, ನೀರಿನಲ್ಲಿದ್ದುದನ್ನು ನೋಡಿದರು, ಮತ್ತೆ ಹಗ್ಗ ನೋಡಿದರು. ಇನ್ನೊಂದು ಹಾಕು ಎಂದರು. ಹಾಕಿದೆ. ಈ ಸಲವೂ ಗಂಟು ಅದೇ ಬಂತು.

ಹಗ್ಗ, ಅಭ್ಯಾಸ, ಸೈಕಲ್ಲಿನವನು, ಬಕೆಟ್ ಎಲ್ಲವನ್ನೂ ಹೇಳಿದೆ. ಮೈದಿನಾಕನಿಗೆ ಬದುಕಿಕೊಂಡ ಸಮಾಧಾನಕ್ಕಿಂತ ಮೊದಲು ಸಿಟ್ಟು ಬಂತು. ತಾನು ಇಡೀ ಊರನ್ನೇ ಮುಳುಗಿಸಲು ಹೊರಟಾಗ ಇವಳು ನೋಡುತ್ತಾ ಕೂತಿದ್ದಳು ಎಂದು ರೆಮೆದಿ ಬಾಯಿಗೆ ಹೇಳಿದರು, ನಾನು ಅಲ್ಲಿ ಇಲ್ಲವೆನ್ನುವ ಹಾಗೆ. ಸಿಪ್ಪೆ ತೇಲಿಹೋದಷ್ಟು ಹೊತ್ತು ಎಂದು ನಾನು ಹೇಳಲಿಲ್ಲ. ಅವರು ಹೇಳಿದ್ದು ಸರಿಯೇ. ಆಮೇಲೆ ಅವರು ಮುಂಡಾಸು ಕಟ್ಟಿಕೊಂಡು, ಸರಿ, ಹಾಗಾದರೆ ನಡುವೂರು ಎಂದು ಗಟ್ಟಿಯಾಗಿ ಹೇಳಿದರು. ಒಂದು ಧ್ವನಿ. ನಾನು ನಡುವೂರು ಎಂದೆ. ಎರಡು. ಅಣ್ಣನ ದೋಣಿಗೆ ಈ ವರ್ಷ ಹಸಿರು ಬಳಿದಿದ್ದರು ಎಂಬುದು ಯಾಕೋ ಆಗ ನೆನಪಾಯಿತು.

ರೆಮೆದಿ ಬಾಯಿ ಹಗ್ಗದ ಮೇಲಿನ ಎರಡನೆಯ ಗಂಟನ್ನು ಉಗುರಿನಿಂದ ಬಿಡಿಸುತ್ತಿದ್ದರು. ದಾರ ಹಾಳು ಮಾಡುವುದು ಅವರಿಗೆ ಆಗುವುದಿಲ್ಲ.

"ಸೆವ್ರಿನ್ ಈಗ ಬಲೆಯ ಸೂಜಿ ಮುಟ್ಟುವುದಿಲ್ಲ, ಗೊತ್ತುಂಟಾ ನಿನಗೆ," ಎಂದರು.

ಗೊತ್ತಿಲ್ಲ ಎಂದೆ. ಅವರ ಊರಿನವರು ಯಾರೂ ಆ ಮುದುಕಿಗೆ ಬಲೆ ಕೊಡುತ್ತಿಲ್ಲವಂತೆ. ಊರನ್ನೇ ದಡದಲ್ಲಿ ಕೂರಿಸಿದ ಕೈ ಎನ್ನುತ್ತಾರಂತೆ. ಸೆವ್ರಿನ್ ಬಾಯಿ ತನ್ನ ಹಳೆ ಬಲೆಯನ್ನು ಕೊಟ್ಟದ್ದು ಅದೇ ಸೈಕಲ್ಲಿನವನಿಗೆ ಎಂದು ಹೋದ ವರ್ಷವೇ ಹೇಳಿದ್ದಳು, ಎರಡು ಪ್ಲಾಸ್ಟಿಕ್ ತಂಬಿಗೆ ಬಂದಿತ್ತು ಎಂದೂ ಹೇಳಿದ್ದಳು, ನೀನು ಬರೆದುಕೊಳ್ಳಲಿಲ್ಲ ಎಂದರು. ಅದೂ ನಿಜ. ಗಂಟಿಗೆ ಸಂಬಂಧವಿಲ್ಲದ್ದನ್ನು ನಾನು ಬರೆದುಕೊಳ್ಳುವುದಿಲ್ಲ. ನೀವು ಈಗ ನಮ್ಮೂರಿನ ಹೆಸರು ಹೇಳಬೇಕು ಎಂದೆ. ನಿಯಮ ಹಾಗಿದೆ, ನಿಯಮ ತಪ್ಪಾಗಿದ್ದರೆ ಮುಂದಿನ ಸಭೆಯಲ್ಲಿ ಬದಲಿಸೋಣ ಎಂದೆ. ಅವರು ದಾರವನ್ನು ಬೆರಳಿಗೆ ಸುತ್ತಿ ಬುಟ್ಟಿಗೆ ಹಾಕಿದರು.

"ಹೇಳುವುದಿಲ್ಲ ನಾನು. ಹೋದ ವರ್ಷ ನಮ್ಮೂರಿನ ಹೆಸರು ಹೇಳುವಾಗ ನಿನಗೆ ಗೊತ್ತಿರಲಿಲ್ಲ ವಾರಿಜಾ. ಗಂಟು ಕಟ್ಟಿದವರೇ ಬಲೆ ಬೀಸಿದ್ದಲ್ಲ ಎಂದು ಈಗ ನನಗೆ ಗೊತ್ತುಂಟಲ್ಲ."

ಮೂರು ವರ್ಷದಲ್ಲಿ ಅವರು ನನ್ನ ಹೆಸರು ಹಿಡಿದು ಕರೆದದ್ದು ಅದು ಎರಡನೆಯ ಸಲವೋ ಮೂರನೆಯದೋ. ಮೈದಿನಾಕ ಎದ್ದು ನಿಂತುಬಿಟ್ಟರು, ದೋಣಿ ಹೊಯ್ದಾಡಿತು. ನೀನು ಹೇಳದಿದ್ದರೆ ಮೂರೂ ಊರು ಮೂವತ್ತು ಮೂವತ್ತು ದಿನ ಕೂರಬೇಕು, ನಮ್ಮ ಹುಡುಗರು ಎಂತ ಮಾಡಿದ್ದಾರೆ ಮಾರಾಯ್ತಿ ಎಂದರು. ನಿಮ್ಮೂರು ಹೋದ ವರ್ಷವಷ್ಟೇ ಕೂತದ್ದು, ಈ ವರ್ಷವೂ ಕೂತರೆ ಜನ ನಿನ್ನನ್ನು ಬಾವಿಗೆ ತಳ್ಳುತ್ತಾರೆ ಎಂದರು. ತಳ್ಳಲಿ, ಬಾವಿಯಲ್ಲಿ ಜಾಡಾದರೂ ಇರುವುದಿಲ್ಲ ಎಂದು ರೆಮೆದಿ ಬಾಯಿ ಹೇಳಿದರು. ಆಮೇಲೆ ತಗ್ಗಿದ ಧ್ವನಿಯಲ್ಲಿ, ನೀವು ಈಗ ಸುಮ್ಮನೆ ನಿಮ್ಮೂರನ್ನು ತೊಂಬತ್ತು ದಿನಕ್ಕೆ ಕೊಟ್ಟುಬಿಡುತ್ತಿದ್ದಿರಲ್ಲ, ಅದಕ್ಕಿಂತ ಮೂವತ್ತು ಕಮ್ಮಿಯೇ ಅಲ್ವಾ ಎಂದರು. ಮೈದಿನಾಕ ಮತ್ತೆ ಹಲಗೆಯ ಮೇಲೆ ಕೂತರು. ಆಮೇಲೆ, ನಿನ್ನ ಬುತ್ತಿ ತೆಗಿ ಮಗಳೇ ಎಂದರು. ಮೂವರೂ ತಿಂದೆವು. ಅತ್ತಿಗೆ ಒಣಸಿಗಡಿಯ ಚಟ್ನಿ ಕಟ್ಟಿದ್ದಳು.

ತೀರ್ಪನ್ನು ದಡಕ್ಕೆ ತಿಳಿಸಲು ದೋಣಿಯಲ್ಲಿ ಮೂರು ಬಟ್ಟೆಗಳಿರುತ್ತವೆ, ಬಡಗೂರಿನದು ಬಿಳಿ, ತೆಂಕೂರಿನದು ಹಳದಿ, ನಮ್ಮದು ನೀಲಿ. ಯಾವ ಊರು ಕೂರಬೇಕೋ ಅದರ ಬಟ್ಟೆಯನ್ನು ಕೋಲಿಗೆ ಕಟ್ಟಿಕೊಂಡು ಮರಳುತ್ತೇವೆ. ಏನೂ ಸಿಗದಿದ್ದರೆ ಕೋಲು ಬರಿದಾಗಿರುತ್ತದೆ. ಮೂರೂ ಊರು ಕೂರುವುದಾದರೆ ಮೂರನ್ನೂ ಕಟ್ಟಬೇಕೆಂದು ಒಪ್ಪಂದದಲ್ಲಿ ಬರೆದಿದೆ, ಆದರೆ ಹಾಗೆ ಎಂದೂ ಆಗಿರಲಿಲ್ಲ. ಆ ಸಾಲು ಎಷ್ಟು ಜನಕ್ಕೆ ನೆನಪಿತ್ತೋ ಗೊತ್ತಿಲ್ಲ. ಮೈದಿನಾಕ ಕೋಲು ಹಿಡಿದರು, ರೆಮೆದಿ ಬಾಯಿ ಕಟ್ಟಿದರು. ಮೇಲೆ ಬಿಳಿ, ಅದರ ಕೆಳಗೆ ನೀಲಿ, ಕೊನೆಗೆ ಹಳದಿ. ನಾನು ಹುಟ್ಟು ಹಾಕಿದೆ.

ಮೊದಲು ಸಿಗುವುದು ನಮ್ಮೂರಿನ ದಡ. ಹತ್ತು ಗಂಟೆಯ ಹೊತ್ತಿಗೆ ಗಾಳಿ ಎದ್ದಿತ್ತು, ಬಟ್ಟೆಗಳು ಚೆನ್ನಾಗಿ ಬಿಚ್ಚಿಕೊಂಡಿದ್ದವು. ಮರಳಿನ ಮೇಲೆ ಜನ ಕಪ್ಪು ಸಾಲಾಗಿ ಕಾಣಿಸಿದರು, ಆಮೇಲೆ ಒಬ್ಬೊಬ್ಬರಾಗಿ. ಅವರು ಕಣ್ಣಿಗೆ ಕೈ ಅಡ್ಡ ಹಿಡಿದು ನಮ್ಮನ್ನೇ ನೋಡುತ್ತಿದ್ದರು. ಬಳಿಕ ಒಂದು ಕೂಗು ಕೇಳಿಸಿತು, ಅದಕ್ಕೆ ಇನ್ನೊಂದು ಸೇರಿತು, ಚಪ್ಪಾಳೆ ಶುರುವಾಯಿತು. ಏನಾಗುತ್ತಿದೆ ಎಂದು ನನಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಮೂರೂ ಬಟ್ಟೆಗಳನ್ನು ಅವರು ಒಟ್ಟಿಗೆ ನೋಡಿದ್ದು ಒಂದೇ ಸಲ, ಒಪ್ಪಂದವಾದ ದಿನ, ಐಸ್ ಪ್ಲಾಂಟಿನ ಛಾವಣಿಯ ಮೇಲೆ. ಅವತ್ತು ಊರಿಗೆಲ್ಲ ಪಾಯಸ ಹಂಚಿದ್ದರು.

ಹೆಂಗಸರು ಆರತಿಯ ತಟ್ಟೆ ತಂದರು. ಯಾರೋ ತೆಂಗಿನಕಾಯಿ ಒಡೆದರು. ಸಾಲಿನ ಕೊನೆಯ ಹಸಿರು ದೋಣಿಯ ಕೆಳಗಿನ ಆಧಾರದ ಕಟ್ಟಿಗೆಗಳನ್ನು ಅಣ್ಣ ಮತ್ತು ಅವನ ಜೊತೆಯವರು ತೆಗೆಯುತ್ತಿದ್ದರು. ದೋಣಿ ಮರಳಿನ ಮೇಲೆ ಒಂದು ಮಾರು ಜಾರಿತು, ಜನ ದಾರಿ ಬಿಟ್ಟರು. ಅಣ್ಣ ನನ್ನ ಕಡೆ ಕೈ ಬೀಸಿದ. ಕೈ ಹುಟ್ಟಿನ ಮೇಲಿತ್ತು, ನಾನು ಬೀಸಲಿಲ್ಲ.

ರೆಮೆದಿ ಬಾಯಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನೆಟ್ಟಗೆ ಕೂತಿದ್ದರು. ಕೋಲು ಹಿಡಿದ ಮೈದಿನಾಕ ದಡದ ಕಡೆಯಿಂದ ಕಣ್ಣು ತೆಗೆಯದೆ ಹೇಳಿದರು.

"ನಿಧಾನ ಹಾಕು ಮಗಳೇ, ಅವಸರ ಎಂತದೂ ಇಲ್ಲ."